ಯರಿ ಭೂಮಿಯೊಳಗ ಈಜುಕೊಳ ಕಟ್ಟಿದ್ದು

ಖಾಲಿ ಮಾಡಿದ ಮೂರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ, ನಾನು ಕಟ್ಟಿದ ಮೊದಲ ಈಜುಕೊಳದ ತಳ ನಟ್ಟನಡುವೆ ಎರಡು ಬೆರಳು ಎದ್ದಿತ್ತು. ಟೈಲ್ಸ್ ಸಿಡಿದು ಒಂದರ ಮೇಲೊಂದು ಏರಿ ಕೂತಿದ್ದವು. ಉದ್ದನೆಯ ಗೋಡೆಯ ಬುಡದಲ್ಲಿ ರೂಪಾಯಿ ನಾಣ್ಯ ತೂರಿಸುವಷ್ಟು ಬಿರುಕು. ಅದು ಸೆಪ್ಟೆಂಬರ್ ತಿಂಗಳು. ವಿಜಯಪುರದಲ್ಲಿ ನಾಲ್ಕು ದಿನ ಬಿಡದೆ ಸುರಿದ ಮಳೆ ಆಗಷ್ಟೇ ನಿಂತಿತ್ತು. ನೀರು ಹಸಿರಾಗಿದೆ, ಚೆಲ್ಲಿ ತೊಳೆದು ಹೊಸದು ತುಂಬೋಣ ಎಂದು ಹೇಳಿ ಖಾಲಿ ಮಾಡಿಸಿದವನು ನಾನೇ.

ಮನೆಯ ಯಜಮಾನರು ಸಿಟ್ಟಾಗಲಿಲ್ಲ. "ತಮ್ಮಾ, ತುಂಬಿದ್ದಾಗ ಒಂದ್ ಹನಿ ಸೋರಲಿಲ್ಲ. ಖಾಲಿ ಮಾಡಿದ ಮ್ಯಾಲೆ ಹೆಂಗ ಒಡೀತು?" ಅಂತಷ್ಟೇ ಕೇಳಿದರು. ಅವತ್ತು ನನ್ನ ಬಳಿ ಉತ್ತರ ಇರಲಿಲ್ಲ. ಆ ನಂತರ ಕಟ್ಟಿದ ಪ್ರತಿಯೊಂದು ಕೊಳವೂ ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಕಟ್ಟಿದ್ದು.

ಸಿವಿಲ್ ಡಿಪ್ಲೊಮಾ ಮುಗಿಸಿ ನಾನು ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ತೋಟಗಳಿಗೆ ನೀರಿನ ಟಾಕಿ, ಕೃಷಿಹೊಂಡ ಮಾಡಿಕೊಡುತ್ತಿದ್ದೆ. ಕೃಷಿಹೊಂಡಕ್ಕೆ ಇಳಿಜಾರು ಏರಿ, ಮೇಲೆ ಪ್ಲಾಸ್ಟಿಕ್ ಹಾಳೆ. ಮಣ್ಣು ಉಬ್ಬಿದರೆ ಹಾಳೆಯೂ ಜೊತೆಗೆ ಸರಿಯುತ್ತದೆ. ನೆಲದ ಮೇಲಿನ ಟಾಕಿಗೆ ಹೊರಗಡೆ ಗಾಳಿ ಬಿಟ್ಟರೆ ಒತ್ತುವವರು ಯಾರೂ ಇಲ್ಲ. ಈಜುಕೊಳ ಎಂದರೆ ನೆಲದೊಳಗೆ ಇಳಿಸಿದ ಟಾಕಿ ಎಂದು ನಾನು ಅಂದುಕೊಂಡಿದ್ದೆ. ಹಾಗಾಗಿ ನೀರು ಹೊರಕ್ಕೆ ತಳ್ಳುವ ಲೆಕ್ಕವನ್ನಷ್ಟೇ ಹಾಕಿ, ಗೋಡೆಯ ಒಳಮೈಗೆ ಮಾತ್ರ ಸರಳು ಕಟ್ಟಿಸಿದ್ದೆ. ನೀರು ಹೋದ ಮೇಲೆ ತಳ್ಳಿದ್ದು ಹೊರಗಿನ ಮಣ್ಣು. ಆಗ ಜಗ್ಗು ಬೀಳುವುದು ಹೊರಮೈಗೆ. ಅಲ್ಲಿ ಒಂದೂ ಸರಳು ಇರಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಗೋಡೆಯ ಸುತ್ತ, ತಳದ ಕೆಳಗೆ ಮರಳು ತುಂಬಿಸಿದ್ದೆ, ಸಡಿಲ ಇರಲಿ ಎಂದು. ಯರಿ, ಅಂದರೆ ನೀರು ಕುಡಿದರೆ ಉಬ್ಬುವ ನಮ್ಮ ಕಡೆಯ ಕಪ್ಪು ಮಣ್ಣು, ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ, ಮರಳು ತಡೆಯುವುದಿಲ್ಲ. ತೋಡಿದ ತಗ್ಗು ಬೋಗುಣಿಯಾಯಿತು, ಮಳೆನೀರು ಮರಳಿನೊಳಗೆ ಇಳಿದು ಅಲ್ಲೇ ನಿಂತಿತು. ಅಕ್ಕಪಕ್ಕದ ಯರಿ ಅದನ್ನು ಕುಡಿದು ಉಬ್ಬಿತು, ಉಳಿದ ನೀರು ಕೊಳವನ್ನೇ ದೋಣಿಯಂತೆ ಎತ್ತಲು ನೋಡಿತು. 24 ಅಡಿ ಉದ್ದ, 12 ಅಡಿ ಅಗಲದ ಕೊಳಕ್ಕೆ ಲೆಕ್ಕ ಹಾಕಿ: ಹೊರಗಿನ ನೀರು ತಳಕ್ಕಿಂತ ಒಂದೊಂದು ಅಡಿ ಮೇಲೇರಿದಂತೆ 8 ಟನ್‌ಗೂ ಹೆಚ್ಚು ಎತ್ತುವ ಬಲ ಕೂಡುತ್ತ ಹೋಗುತ್ತದೆ. ಕೊಳ ತುಂಬಿದ್ದರೆ ಒಳಗಿನ ನೀರೇ ಅದನ್ನು ಅದುಮಿ ಹಿಡಿದಿರುತ್ತದೆ. ನಾನು ಆ ಭಾರವನ್ನೇ ಪಂಪ್ ಹಚ್ಚಿ ಹೊರಗೆ ಚೆಲ್ಲಿದ್ದೆ.

ಎರಡನೇ ಕೊಳ ಸೋಲಾಪುರ ರಸ್ತೆಯ ಕಡೆ ಒಂದು ಮನೆಯ ಹಿತ್ತಲಿನಲ್ಲಿ. ಅಳತೆ ಅದೇ, 24 ಬೈ 12. ಆಳ ಒಂದು ತುದಿಗೆ ಮೂರೂವರೆ ಅಡಿ, ಇನ್ನೊಂದಕ್ಕೆ 5 ಅಡಿ. ಒಟ್ಟು 34,000 ಲೀಟರಿನ ಮೇಲೆ ಸ್ವಲ್ಪ. ಡೈವ್ ಹೊಡೆಯಲು 8 ಅಡಿ ಬೇಕೆಂದು ಮನೆಯ ಹುಡುಗರು ಹಟ ಹಿಡಿದರು. ನಾನು ಒಪ್ಪಲಿಲ್ಲ. ಮನೆಯ ಕೊಳದಲ್ಲಿ ಜನ ಈಸುವುದಕ್ಕಿಂತ ನಿಂತು ಆಡುವುದೇ ಹೆಚ್ಚು, ಮತ್ತು ಈ ಊರಿನಲ್ಲಿ ನೀರಿನ ಬೆಲೆ ಏನೆಂದು ಎಲ್ಲರಿಗೂ ಗೊತ್ತು.

ಈ ಸಲ ಜೆಸಿಬಿ ಕರೆಯುವ ಮೊದಲು ಮಣ್ಣು ನೋಡಿದೆ. ಇದು ಯಾರಾದರೂ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಒಣಗಿಸಿ ಸಣ್ಣಗೆ ಜರಡಿ ಹಿಡಿದ ಮಣ್ಣು 10 ಗ್ರಾಂನಂತೆ ಎರಡು ಪಾಲು ಮಾಡಿ, 100 ಮಿ.ಲೀ. ಗುರುತಿರುವ ಎರಡು ಗಾಜಿನ ಕೊಳವೆಗಳಿಗೆ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ. ಕಲಕಿ ಒಂದು ದಿನ ಬಿಡಬೇಕು. ಚಿಮಣಿ ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ನಮ್ಮದು ಎಣ್ಣೆಯಲ್ಲಿ 10ರ ಗುರುತಿಗೆ, ನೀರಿನಲ್ಲಿ 18ಕ್ಕೆ ಕೂತಿತ್ತು. ಅಂದರೆ ಶೇ 80ರಷ್ಟು ಉಬ್ಬು. ಯಜಮಾನರಿಗೆ ಎರಡೂ ಕೊಳವೆ ಪಕ್ಕಪಕ್ಕ ಇಟ್ಟು ತೋರಿಸಿದೆ. ಮಣ್ಣಿನ ಕೆಲಸಕ್ಕೆ ಯಾಕೆ ಅಷ್ಟು ಖರ್ಚು ಎಂದು ಆಮೇಲೆ ಅವರು ಒಮ್ಮೆಯೂ ಕೇಳಲಿಲ್ಲ.

ಪರಿಹಾರ ಸಿಕ್ಕದ್ದು ಕಾಲುವೆಯಿಂದ. ಮಲಪ್ರಭಾ ಕಾಲುವೆ ಯರಿ ಭೂಮಿಯಲ್ಲಿ ಹಾಯುವಾಗ ಕಾಂಕ್ರೀಟ್ ಹಾಸು ಎದ್ದು ಒಡೆಯುತ್ತಿತ್ತು. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರು ಉಬ್ಬುವ ಮಣ್ಣಿಗೂ ಕಾಂಕ್ರೀಟಿಗೂ ನಡುವೆ, ಅಂಟು ಇರುವ ಆದರೆ ಉಬ್ಬದ ಮಣ್ಣಿನ ದಪ್ಪ ಪದರ ಹಾಕುವ ವಿಧಾನ ರೂಪಿಸಿದರು. ಇಂಜಿನಿಯರುಗಳು ಅದನ್ನು ಸಿಎನ್‌ಎಸ್ (ಕೊಹೆಸಿವ್ ನಾನ್-ಸ್ವೆಲಿಂಗ್ ಸಾಯಿಲ್) ಪದರ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಒಳ್ಳೆಯ ಗರಸು. ಆದರೆ ಬರೀ ಹರಳು ಇರುವ ಗರಸು ನಡೆಯುವುದಿಲ್ಲ, ಅದು ಮರಳಿನಂತೆಯೇ ನೀರು ಕುಡಿಯುತ್ತದೆ. ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಉಂಡೆ ನಿಲ್ಲಬೇಕು. ಮೂರು ಕಡೆಯ ಗರಸು ತರಿಸಿ ನೋಡಿ, ಎರಡನ್ನು ವಾಪಸ್ ಕಳಿಸಿದೆ.

ತೋಡಿದಾಗ ದಕ್ಷಿಣದ ತುದಿಗೆ 7 ಅಡಿವರೆಗೆ ಯರಿ ಸಿಕ್ಕಿತು, ಉತ್ತರದ ತುದಿಗೆ 4 ಅಡಿಗೇ ಕರಿಬಂಡೆ. ಗವಂಡಿ (ಗಾರೆ ಮೇಸ್ತ್ರಿ) ಕಾಕಾನಿಗೆ ಖುಷಿ: "ಬಂಡಿ ಮ್ಯಾಲ ಕುಂತ್ರ ಇನ್ನೇನ ಬೇಕ್ರೀ?" ಅರ್ಧ ಬಂಡೆಯ ಮೇಲೆ, ಅರ್ಧ ಮಣ್ಣಿನ ಮೇಲೆ ಕೂತರೆ ಎರಡೂ ಸೇರುವ ಗೆರೆಗೇ ಬಿರುಕು ಬರುತ್ತದೆ ಎಂದು ಹೇಳಿ, ಎರಡು ದಿನ ಬ್ರೇಕರ್ ಹಚ್ಚಿ ಬಂಡೆಯನ್ನು ತಳಕ್ಕಿಂತ ಒಂದು ಅಡಿ ಕೆಳಗೆ ಒಡೆಸಿದೆ. ಅಲ್ಲಿ ಒಂದು ಅಡಿ, ಯರಿ ಇದ್ದ ಕಡೆ ಮೂರು ಅಡಿ, ಗೋಡೆಗಳ ಸುತ್ತ ಎರಡು ಅಡಿ ಗರಸು. ಆರಾರು ಇಂಚಿನ ಪದರ ಹಾಕಿ, ಹದವಾಗಿ ನೀರು ಚಿಮುಕಿಸಿ, ದಮ್ಮಸು ಮಾಡಿದ್ದು. ಕೊಳದ ಕೆಲಸದಲ್ಲಿ ಹೆಚ್ಚು ದಿನ ಹಿಡಿದದ್ದು ಇದೇ. ಫೋಟೋದಲ್ಲಿ ಇದು ಯಾವುದೂ ಕಾಣುವುದಿಲ್ಲ.

ತಳದ ಅಂಚಿನ ಸುತ್ತ ತೂತು ಕೊರೆದ ನಾಲ್ಕಿಂಚಿನ ಪೈಪ್ ಹಾಕಿ, ಜೆಲ್ಲಿ ಮುಚ್ಚಿ, ಮಣ್ಣು ತೂರದಂತೆ ಜಿಯೊಟೆಕ್ಸ್‌ಟೈಲ್ ಬಟ್ಟೆ ಸುತ್ತಿಸಿದೆ. ಅದರ ಇಳಿಜಾರು ಮೂಲೆಯ ಒಂದು ಸಣ್ಣ ಗುಂಡಿಗೆ. ಅಲ್ಲಿಂದ ನೆಲದ ಮಟ್ಟದವರೆಗೆ ಒಂಬತ್ತಿಂಚಿನ ಪೈಪ್ ನಿಲ್ಲಿಸಿ ಮೇಲೆ ಮುಚ್ಚಳ. ಕೊಳದ ಹೊರಗೆ ನೀರು ಎಷ್ಟಿದೆ ಎಂದು ಆ ಮುಚ್ಚಳ ತೆಗೆದು ನೋಡಬಹುದು, ಬೇಕಾದರೆ ಪಂಪ್ ಇಳಿಸಿ ಎತ್ತಬಹುದು. ತಳದ ಆಳದ ಕಡೆ ಒಂದು ಒತ್ತಡದ ವಾಲ್ವ್ ಕೂಡ ಕೂರಿಸಿದೆ. ಹೊರಗಿನ ನೀರು ಹೆಚ್ಚಾದರೆ ಅದು ತಾನೇ ತೆರೆದು ನೀರನ್ನು ಒಳಗೆ ಬಿಡುತ್ತದೆ. ನಮ್ಮ ಊರಿಗೆ ಇದು ಹೊಸ ವಿಚಾರವಲ್ಲ. ತೊರವಿ ಹಳ್ಳಿಯಿಂದ, 1651ರ ಬೇಗಂ ತಲಾಬ್ ಕೆರೆಯಿಂದ ಕೋಟೆಯೊಳಗೆ ನೀರು ತರುವಾಗ ಆದಿಲಶಾಹಿಯವರು ದಾರಿಯುದ್ದಕ್ಕೂ ಗಂಜ್ ಎಂಬ ಕಲ್ಲಿನ ಗೋಪುರ ಕಟ್ಟಿಸಿದ್ದು ಕೊಳವೆಗಳ ಒತ್ತಡ ಇಳಿಸಲಿಕ್ಕೇ. ಚಿಕ್ಕವನಿದ್ದಾಗಿನಿಂದ ನೋಡಿದ ಆ ಗಂಜುಗಳ ಅರ್ಥ ನನಗೆ ಆದದ್ದು ಈ ವಾಲ್ವ್ ಕೂರಿಸುವ ದಿನ.

ಕಾಂಕ್ರೀಟ್ ಎಂ-30 ದರ್ಜೆಯದು, ನೀರು ಹಿಡಿಯುವ ಕಟ್ಟಡಗಳ ಐಎಸ್ 3370 ಸಂಹಿತೆ ಹೇಳುವಂತೆ. ಎಂಟು ಇಂಚು ದಪ್ಪ, ಎರಡೂ ಮೈಗೆ ಸರಳು. ತಳ ಮತ್ತು ಗೋಡೆ ಸೇರುವಲ್ಲಿ ಪಿವಿಸಿ ವಾಟರ್‌ಬಾರ್, ಅಂದರೆ ಸಂದಿನಲ್ಲಿ ನೀರು ಹಾಯದಂತೆ ತಡೆಯುವ ಪಟ್ಟಿ. ಗೋಣಿಚೀಲ ಹೊದಿಸಿ ಹಗಲು ರಾತ್ರಿ ನೀರು ಹಾಕಿಸಿದೆ, ಏಪ್ರಿಲ್ ಬಿಸಿಲಿಗೆ ಒಂದು ಮಧ್ಯಾಹ್ನ ತಪ್ಪಿದರೂ ಮೈ ಸೀಳುತ್ತದೆ. ಟೈಲ್ಸ್ ಹಚ್ಚುವ ಮೊದಲು ಕೊಳ ತುಂಬಿ ಒಂದು ವಾರ ಬಿಟ್ಟೆವು. ದಿನಕ್ಕೆ 8 ಮಿ.ಮೀ. ನೀರು ಇಳಿಯಿತು, ಎಲ್ಲರ ಮುಖ ಸಣ್ಣದಾಯಿತು. ಒಂದು ಬಕೆಟ್‌ಗೆ ಕೊಳದ ನೀರನ್ನೇ ತುಂಬಿ ಮೆಟ್ಟಿಲ ಮೇಲೆ ಅರ್ಧ ಮುಳುಗುವಂತೆ ಇಟ್ಟೆ. ಮರುದಿನ ಬಕೆಟ್‌ನಲ್ಲೂ 8 ಮಿ.ಮೀ. ಇಳಿದಿತ್ತು. ಸೋರಿದ್ದಲ್ಲ, ಬಿಸಿಲು ಕುಡಿದದ್ದು. ದಿನಕ್ಕೆ 200 ಲೀಟರಿಗೂ ಹೆಚ್ಚು ಹೀಗೆ ಹೋಗುತ್ತದೆ ಎಂದು ಗೊತ್ತಾದ ಮೇಲೆ, ಮೇಲೆ ಹೊದಿಸುವ ಹಾಳೆಯನ್ನು ನಾನು ಅಂದಾಜು ಪಟ್ಟಿಯಲ್ಲೇ ಸೇರಿಸುತ್ತೇನೆ. ಅದನ್ನು ತೆಗೆದುಹಾಕಿ ಎನ್ನುವವರ ಕೆಲಸ ಹಿಡಿಯುವುದಿಲ್ಲ.

ನೀರು ಎಲ್ಲಿಂದ? ಬೋರಿನ ನೀರಿನ ಗಡಸುತನ ಕಿಟ್‌ನಲ್ಲಿ ನೋಡಿದರೆ 700 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ) ಮೇಲೆ. ಕೊಳಕ್ಕೆ 200ರಿಂದ 400 ಸಾಕು. ಹೆಚ್ಚಾದರೆ ಟೈಲ್ಸ್ ಅಂಚಿಗೆ ಬಿಳಿ ಪಟ್ಟೆ ಕಟ್ಟುತ್ತದೆ. ಬರೀ ಮಳೆನೀರಾದರೆ ತೀರಾ ಮೆದು, ಟೈಲ್ಸ್ ಸಂದಿನ ಸಿಮೆಂಟನ್ನು ತಿನ್ನುತ್ತದೆ. ಎರಡನ್ನೂ ಬೆರೆಸಿದೆ. ಇಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಸಾವಿರ ಚದರಡಿ ಮಾಳಿಗೆಯಿಂದ, ಐದರಲ್ಲಿ ಒಂದು ಪಾಲು ಪೋಲಾದರೂ 44,000 ಲೀಟರ್ ಇಳಿಯುತ್ತದೆ. ಅಂದರೆ ಆ ಮಾಳಿಗೆಯೊಂದೇ ಇಡೀ ಕೊಳ ತುಂಬಬಲ್ಲದು. ಈ ಲೆಕ್ಕ ಕಾಗದದ ಮೇಲೆ ಬಂದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ. ಟ್ಯಾಂಕರ್ ತರಿಸುವ ಕೊಳವನ್ನು ನಾನು ಈಗ ಕಟ್ಟುವುದಿಲ್ಲ.

ಉಳಿದದ್ದು ರೂಢಿಯ ಕೆಲಸ. ಆರು ತಾಸಿಗೊಮ್ಮೆ ಇಡೀ ನೀರು ಸ್ಯಾಂಡ್ ಫಿಲ್ಟರ್ ಹಾಯುವಂತೆ ಪಂಪ್, ಪಿಎಚ್ 7.2ರಿಂದ 7.6, ಕ್ಲೋರಿನ್ 1ರಿಂದ 3 ಪಿಪಿಎಂ. ಇದನ್ನು ದಿನಾ ನೋಡಿದ್ದರೆ ಮೊದಲ ಕೊಳದ ನೀರು ಹಸಿರಾಗುತ್ತಲೇ ಇರಲಿಲ್ಲ, ಖಾಲಿ ಮಾಡುವ ಮಾತೂ ಬರುತ್ತಿರಲಿಲ್ಲ. ವಿದ್ಯುತ್ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ: ನೀರೊಳಗಿನ ದೀಪ 12 ವೋಲ್ಟ್, ಪಂಪಿಗೆ ಕರೆಂಟ್ ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್, ಸರಿಯಾದ ಅರ್ಥಿಂಗ್. ಸುತ್ತ ನಾಲ್ಕಡಿ ಬೇಲಿ, ತಾನೇ ಮುಚ್ಚಿಕೊಳ್ಳುವ ಬಾಗಿಲು. ಇವು ಇಲ್ಲದೆ ನೀರು ತುಂಬಿಸುವುದಿಲ್ಲ.

ಮೊದಲ ಕೊಳವನ್ನೂ ಸರಿ ಮಾಡಿಕೊಟ್ಟೆ, ನನ್ನ ಖರ್ಚಿನಲ್ಲೇ. ತಳ ಒಡೆದು, ಮರಳು ಹೊರಹಾಕಿ, ಗರಸು ತುಂಬಿ, ಹೊಸ ಗೋಡೆ ಎಬ್ಬಿಸಿ, ಮೂಲೆಗೆ ಅದೇ ಮುಚ್ಚಳದ ಪೈಪ್ ನಿಲ್ಲಿಸಿದೆ. ಹೋದ ವರ್ಷ ಒಂದು ಟೈಲ್ ಬದಲಿಸಲು ನೀರು ತೆಗೆಯಬೇಕಿತ್ತು. ಯಜಮಾನರೇ ಮುಚ್ಚಳ ಎತ್ತಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರು. ಮೇಲೆಳೆದಾಗ ಹಗ್ಗ ಎರಡು ಅಡಿ ತೊಯ್ದಿತ್ತು. "ಈಗ ಬ್ಯಾಡ ತಮ್ಮಾ, ಸಂಕ್ರಾಂತಿ ಆಗಲಿ" ಅಂದರು. ನಾನು ಸಾಮಾನು ಕಟ್ಟಿಕೊಂಡು ಬಂದೆ.