ಕಾಡಿನಲ್ಲಿ ಯಾವ ಸಸ್ಯಕುಟುಂಬದ್ದು ಮೇಲುಗೈ? ಲೆಕ್ಕ ಹಾಕುವುದು ಹೀಗೆ

ಒಂದು ತಾಲ್ಲೂಕಿನ ಅಥವಾ ಕಾಡಿನ ಸಸ್ಯಗಳಲ್ಲಿ ಯಾವ ಕುಟುಂಬದ್ದು ಮೇಲುಗೈ ಎಂದು ಹುಡುಕುವ ಪದವಿ ವಿದ್ಯಾರ್ಥಿಗಳ ವರದಿಗಳನ್ನು ಹಲವು ವರ್ಷಗಳಿಂದ ಓದುತ್ತಿದ್ದೇನೆ. ಶ್ರದ್ಧೆಯಿಂದ ಅಲೆದು ಗಿಡ ಸಂಗ್ರಹಿಸಿದವರೂ ಹೆಸರುಗಳ ಪಟ್ಟಿಯಲ್ಲಿ ಎಡವುತ್ತಾರೆ.

ಮೊದಲು ಗಡಿಯನ್ನು ನಕ್ಷೆಯಲ್ಲಿ ಗುರುತಿಸಿ. ನೆಟ್ಟು ಬೆಳೆಸಿದ ನೀಲಗಿರಿ, ಸಿಲ್ವರ್ ಓಕ್‌ಗಳನ್ನು ಎಣಿಕೆಯಿಂದ ಹೊರಗಿಡಿ. ಬೇಸಿಗೆಯಲ್ಲಿ ಒಮ್ಮೆ ಹೋಗಿಬಂದರೆ ಹುಲ್ಲು, ಜೇಕುಗಳು ಪಟ್ಟಿಯಿಂದ ತಪ್ಪಿಹೋಗುತ್ತವೆ. ಮಳೆಗಾಲದ ಕೊನೆಯಲ್ಲಿ ಮತ್ತೆ ಹೋಗಲೇಬೇಕು. ಗಿಡ ಗುರುತಿಸುವ ಮೊಬೈಲ್ ಆ್ಯಪ್ ಸುಳಿವು ಕೊಡಬಹುದು, ಅದನ್ನೇ ಅಂತಿಮವೆಂದು ಬರೆಯಬೇಡಿ.

ಎಣಿಸುವ ಮೊದಲು ಎಲ್ಲ ಹೆಸರುಗಳನ್ನೂ ಒಂದೇ ವರ್ಗೀಕರಣಕ್ಕೆ ತನ್ನಿ. ಹಳೆಯ ಕೈಪಿಡಿಯಿಂದ ಅರ್ಧ, ಅಂತರ್ಜಾಲದಿಂದ ಅರ್ಧ ಹೆಸರು ತೆಗೆದುಕೊಂಡವರ ಪಟ್ಟಿಯಲ್ಲಿ ಹುಣಸೆ ಸಿಸಾಲ್ಪಿನಿಯೇಸಿಯಲ್ಲಿ, ಜಾಲಿ ಮೈಮೋಸೇಸಿಯಲ್ಲಿ, ಹೊಂಗೆ ಫ್ಯಾಬೇಸಿಯಲ್ಲಿ ಕುಳಿತಿರುತ್ತವೆ. ಈ ಮೂರೂ ಈಗ ಒಂದೇ ಫ್ಯಾಬೇಸಿಗೆ ಸೇರಿರುವುದರಿಂದ, ಮೊದಲ ಸ್ಥಾನಕ್ಕೆ ಬರಬೇಕಾದ ಕುಟುಂಬ ಮೂರು ಹೋಳಾಗಿ ಕೆಳಗಿಳಿಯುತ್ತದೆ. ತೇಗ ಮತ್ತು ಲಕ್ಕಿ ವರ್ಬಿನೇಸಿಯಿಂದ ತುಳಸಿಯ ಲ್ಯಾಮಿಯೇಸಿಗೆ, ಬೂರುಗ ದಾಸವಾಳದ ಮಾಲ್ವೇಸಿಗೆ, ಎಕ್ಕ ಕಣಗಿಲೆಯ ಅಪೋಸೈನೇಸಿಗೆ ಬಂದಿವೆ. ನೆಲ್ಲಿ ಮಾತ್ರ ಯೂಫೋರ್ಬಿಯೇಸಿಯನ್ನು ಬಿಟ್ಟು ಫಿಲಾಂತೇಸಿಯಾಗಿದೆ. ಹೂಬಿಡುವ ಸಸ್ಯಗಳ ವರ್ಗೀಕರಣ ಪದ್ಧತಿಯಾದ ಎಪಿಜಿಯ 2016ರ ನಾಲ್ಕನೇ ಆವೃತ್ತಿಯನ್ನೇ ಅನುಸರಿಸಬೇಕೆನ್ನುತ್ತೇನೆ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ‘ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್’ ತಾಣದಲ್ಲಿ ಪ್ರತಿ ಹೆಸರನ್ನೂ ಉಚಿತವಾಗಿ ಪರಿಶೀಲಿಸಬಹುದು. ಒಂದೇ ಗಿಡ ಎರಡು ಹೆಸರಿನಲ್ಲಿ ಎರಡು ಸಲ ಎಣಿಕೆಯಾಗುವುದೂ ಆಗ ತಪ್ಪುತ್ತದೆ. ಈ ಕೆಲಸಕ್ಕೆ ವಾರ ಹಿಡಿದರೂ ಹಿಡಿಯಲಿ, ಅಡ್ಡದಾರಿ ಬೇಡ.

ಬಳಿಕ ಎಕ್ಸೆಲ್‌ನಲ್ಲಿ ಕುಟುಂಬವಾರು ಪ್ರಭೇದಗಳನ್ನು ಎಣಿಸಿ ಇಳಿಕೆಯ ಕ್ರಮದಲ್ಲಿ ಜೋಡಿಸಿ.

ಇಲ್ಲಿಗೇ ನಿಲ್ಲುವವರು ಹೆಚ್ಚು, ಆದರೆ ಇದು ವೈವಿಧ್ಯದ ಲೆಕ್ಕವಷ್ಟೇ. 1904ರಲ್ಲಿ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ ಕೊಟ್ಟ ಬ್ರಿಟಿಷ್ ಇಂಡಿಯಾದ ಸಸ್ಯಕುಟುಂಬಗಳ ಪಟ್ಟಿಯಲ್ಲಿ ಪ್ರಭೇದಗಳ ಸಂಖ್ಯೆಯಿಂದ ಆರ್ಕಿಡ್ ಕುಟುಂಬವೇ ಮೊದಲನೆಯದು. ಹಾಗೆಂದು ನಮ್ಮ ಕಾಡುಗಳಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಆರ್ಕಿಡ್ ಕಾಣುವುದಿಲ್ಲ. ಕೊಡಗಿನ ಉಪ್ಪಂಗಳದ ನಿತ್ಯಹರಿದ್ವರ್ಣ ಕಾಡಿನಲ್ಲಿ ಡಿಪ್ಟೆರೊಕಾರ್ಪೇಸಿಯ ಪ್ರಭೇದಗಳು ಕೆಲವೇ ಆದರೂ ಧೂಪದ ಮರಗಳ ಗಾತ್ರವೇ ಆ ಕುಟುಂಬವನ್ನು ಎತ್ತಿ ಹಿಡಿಯುತ್ತದೆ.

ಆದ್ದರಿಂದ ಮರಗಳಿಗಾಗಿ 20 ಮೀಟರ್ ಉದ್ದಗಲದ ಚೌಕಗಳನ್ನು ಹಾಕಿ, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆಯಿರಿ. ಟೈಲರ್ ಟೇಪು ಬೇಡ, ಎಳೆದಂತೆ ಹಿಗ್ಗುತ್ತದೆ. ಫೈಬರ್‌ಗ್ಲಾಸ್ ಟೇಪು ಕೊಳ್ಳಿ. ಸುತ್ತಳತೆಯ ವರ್ಗವನ್ನು 12.57ರಿಂದ ಭಾಗಿಸಿದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಸಿಗುತ್ತದೆ. ಕವಲೊಡೆದ ಮರದಲ್ಲಿ ಪ್ರತಿ ಕಾಂಡದ ವಿಸ್ತೀರ್ಣವನ್ನು ಬೇರೆಬೇರೆಯಾಗಿ ಕಂಡುಹಿಡಿದು ಕೂಡಿಸಬೇಕು: 60 ಸೆಂಟಿಮೀಟರಿನ ಎರಡು ಕಾಂಡಗಳನ್ನು 120 ಎಂದು ಬರೆದರೆ ಉತ್ತರ ನೇರ ದುಪ್ಪಟ್ಟಾಗುತ್ತದೆ.

ಕುಟುಂಬದ ಪ್ರಭೇದಗಳ, ಮರಗಳ ಸಂಖ್ಯೆಯ ಮತ್ತು ವಿಸ್ತೀರ್ಣದ ಶೇಕಡಾ ಪಾಲುಗಳನ್ನು ಕೂಡಿಸಿದರೆ ಗರಿಷ್ಠ 300ಕ್ಕೆ ಇಷ್ಟು ಎಂಬ ಒಂದು ಅಂಕ ಬರುತ್ತದೆ; ಬ್ರೆಜಿಲ್‌ನ ಬಾಹಿಯಾ ಕಾಡುಗಳ ಅಧ್ಯಯನದಲ್ಲಿ 1983ರಲ್ಲಿ ಬಳಕೆಗೆ ಬಂದ ಕುಟುಂಬ ಮಹತ್ವ ಸೂಚ್ಯಂಕ ಇದೇ. ವರದಿಯಲ್ಲಿ ಈ ಅಂಕವೊಂದನ್ನೇ ಕೊಡದೆ ಮೂರೂ ಪಾಲುಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ, ಹುಲ್ಲು ಮತ್ತು ಮೂಲಿಕೆಗಳಿಗೆ ಬೇರೆಯೇ ಕೋಷ್ಟಕ ಮಾಡಿ.