ಭದ್ರವಾದ ಉದ್ಯೋಗಕ್ಷೇತ್ರವನ್ನು ಆರಿಸುವುದು ಹೇಗೆ?

ಭದ್ರವಾದ ಕೆಲಸ ಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಸಂಸ್ಥೆಯ ಹೆಸರನ್ನು ನೋಡುತ್ತಾರೆ. ಆದರೆ ಸಂಸ್ಥೆ ಎಷ್ಟೇ ದೊಡ್ಡದಿರಲಿ, ಅದರ ಸರಕಿಗೇ ಬೇಡಿಕೆ ಬತ್ತಿದರೆ ಅದು ತನ್ನ ನೌಕರರನ್ನು ಉಳಿಸಿಕೊಳ್ಳಲಾರದು. 1975ರಲ್ಲಿ ತನ್ನದೇ ಎಂಜಿನಿಯರರ ಕೈಯಲ್ಲಿ ಡಿಜಿಟಲ್ ಕ್ಯಾಮೆರಾ ರೂಪುಗೊಂಡಿದ್ದರೂ ಫಿಲಂ ವ್ಯಾಪಾರವನ್ನೇ ನೆಚ್ಚಿಕೊಂಡಿದ್ದ ಕೊಡಾಕ್, 2012ರಲ್ಲಿ ದಿವಾಳಿ ಅರ್ಜಿ ಸಲ್ಲಿಸಬೇಕಾಯಿತು. ಆದ್ದರಿಂದ ಸಂಸ್ಥೆಗಿಂತ ಮೊದಲು ಕೆಲಸದ ಬಗೆಯನ್ನು ತೂಗಿ ನೋಡಬೇಕು.

ಕೈಯಲ್ಲಿ ಹಣ ಕಡಿಮೆಯಾದಾಗ ಜನ ಯಾವುದನ್ನು ಮುಂದೂಡುತ್ತಾರೆ ಎಂಬುದನ್ನು ಗಮನಿಸಿ. ಪ್ರವಾಸವನ್ನು ಮುಂದೂಡಬಹುದು, ಮುರಿದ ಮೂಳೆಯನ್ನಾಗಲಿ ಸುಟ್ಟುಹೋದ ವಿದ್ಯುತ್ ತಂತಿಯನ್ನಾಗಲಿ ಹಾಗೇ ಬಿಡಲಾಗದು. 2020ರ ಸಾಂಕ್ರಾಮಿಕದಲ್ಲಿ ವಿಮಾನಯಾನ ಮತ್ತು ಹೋಟೆಲ್ ಉದ್ಯಮಗಳು ದೊಡ್ಡ ಪ್ರಮಾಣದಲ್ಲಿ ಸಿಬ್ಬಂದಿಯನ್ನು ಕೈಬಿಟ್ಟಾಗಲೂ ನೀರು ಮತ್ತು ವಿದ್ಯುತ್ ಪೂರೈಕೆಯ ಕೆಲಸಗಾರರು ಕರ್ತವ್ಯಕ್ಕೆ ಹಾಜರಾಗಲೇಬೇಕಿತ್ತು.

ಮುಂದಿನ ಪರೀಕ್ಷೆಗೆ ಹೆಚ್ಚು ಸಮಯ ಕೊಡಿ. ಯಂತ್ರ ಈ ಉದ್ಯೋಗವನ್ನು ಕಸಿಯುವುದೇ ಎಂದು ಒಟ್ಟಾರೆಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ; ಆ ಉದ್ಯೋಗದ ಒಂದು ದಿನದ ಕೆಲಸಗಳನ್ನು ಕಾಗದದ ಮೇಲೆ ಬಿಡಿಬಿಡಿಯಾಗಿ ಬರೆಯಬೇಕು. ಲೆಕ್ಕಪತ್ರದವರನ್ನೇ ತೆಗೆದುಕೊಳ್ಳಿ: ಬಿಲ್ಲುಗಳ ಮೊತ್ತವನ್ನು ನಮೂದಿಸುವುದು, ಕೂಡುವುದು, ಬ್ಯಾಂಕ್ ಖಾತೆಯೊಂದಿಗೆ ತಾಳೆ ನೋಡುವುದು, ವ್ಯತ್ಯಾಸ ಬಂದರೆ ಕಾರಣ ಹುಡುಕುವುದು, ಅದನ್ನು ಮಾಲೀಕರಿಗೆ ವಿವರಿಸುವುದು, ಕೊನೆಗೆ ಸಹಿ ಹಾಕಿ ಹೊಣೆ ಹೊರುವುದು. ಇವುಗಳಲ್ಲಿ ಮೊದಲ ಮೂರು ಯಂತ್ರಕ್ಕೆ ಸುಲಭ. 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ಬಂದ ಮೇಲೆ ಕೈಯಲ್ಲಿ ಕೂಡಿಸುವ ಕೆಲಸ ಕುಗ್ಗುತ್ತ ಹೋಯಿತು, ಆದರೆ ಅಂಕಿಗಳ ಅರ್ಥ ಹೇಳಬಲ್ಲವರ ಅಗತ್ಯ ಉಳಿಯಿತು. ನೀವು ಬರೆದ ಪಟ್ಟಿಯಲ್ಲಿ ತೀರ್ಮಾನ, ಹೊಣೆಗಾರಿಕೆ, ಎದುರಿಗಿರುವ ಮನುಷ್ಯನೊಂದಿಗಿನ ವ್ಯವಹಾರ ಮತ್ತು ಪ್ರತಿ ಬಾರಿಯೂ ಬೇರೆಯಾಗಿರುವ ಜಾಗದಲ್ಲಿ ಕೈಯಿಂದ ಮಾಡುವ ದುರಸ್ತಿ ಎಷ್ಟು ಹೆಚ್ಚಿವೆಯೋ ಆ ಕ್ಷೇತ್ರವನ್ನು ಅಷ್ಟು ನಂಬಬಹುದು.

ಕಲಿತದ್ದನ್ನು ಬೇರೆಡೆಗೆ ಒಯ್ಯಬಹುದೇ ಎಂಬುದೂ ನನ್ನ ಮಟ್ಟಿಗೆ ಅಷ್ಟೇ ಮುಖ್ಯ. ಮುದ್ರಣಾಲಯಗಳಲ್ಲಿ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸುವ ಕಸುಬು ಮರೆಯಾದರೂ ಕಾಗುಣಿತ ಮತ್ತು ಪುಟವಿನ್ಯಾಸದ ತಿಳಿವಳಿಕೆ ಕಂಪ್ಯೂಟರಿನ ಮುಂದೆಯೂ ಉಪಯೋಗಕ್ಕೆ ಬರುವಂಥದ್ದಾಗಿತ್ತು. ಒಂದೇ ಸಂಸ್ಥೆಯ ಒಳವ್ಯವಸ್ಥೆಗೆ ಮಾತ್ರ ಸಲ್ಲುವ ಪರಿಣತಿ ಎಷ್ಟು ಸಂಬಳ ತಂದರೂ ಅಪಾಯಕಾರಿ.

ಕೋರ್ಸಿಗೆ ಹಣ ಕಟ್ಟುವ ಮುನ್ನ ಎರಡು ತಿಂಗಳು ಆ ಕ್ಷೇತ್ರದ ಉದ್ಯೋಗ ಜಾಹೀರಾತುಗಳನ್ನು ಓದಿ, ಮತ್ತೆಮತ್ತೆ ಬರುವ ಅರ್ಹತೆಗಳನ್ನು ಗುರುತು ಹಾಕಿಕೊಳ್ಳಿ. ಪರವಾನಗಿ ಬೇಕಾದ ವೃತ್ತಿಯಾದರೆ ಅದಕ್ಕೆ ತಗಲುವ ವರ್ಷಗಳನ್ನೂ ಲೆಕ್ಕ ಹಾಕಿ. ಆಮೇಲೆ ಆ ಕೆಲಸದಲ್ಲಿ ಹದಿನೈದು ವರ್ಷ ಕಳೆದವರೊಬ್ಬರನ್ನು ಕಂಡು, ಕಳೆದ ಬಾರಿ ಸಿಬ್ಬಂದಿ ಕಡಿತವಾದಾಗ ಮೊದಲು ಹೊರಗೆ ಹೋದವರು ಯಾವ ಕೆಲಸ ಮಾಡುತ್ತಿದ್ದರು, ಯಾರನ್ನು ಉಳಿಸಿಕೊಂಡರು ಎಂದು ವಿಚಾರಿಸಿ.