ಕಿಯಾಂತಿಯಲ್ಲಿ ಒಂದು ದಿನದ ಸೈಕಲ್ ಸುತ್ತು: ಗ್ರೇವೆಯಿಂದ ಹೊರಟು ಗ್ರೇವೆಗೆ

ಮಗಳು ಫ್ಲಾರೆನ್ಸ್‌ನಲ್ಲಿದ್ದಾಳೆ. ಹಾಗಾಗಿ ಮೈಸೂರಿನ ನಮ್ಮ ಸೈಕಲ್ ಬಳಗದಲ್ಲಿ ಯಾರು ಇಟಲಿಗೆ ಹೊರಟರೂ ನನ್ನನ್ನೇ ಕೇಳುತ್ತಾರೆ, "ಒಂದೇ ದಿನ ಬಿಡುವಿದ್ದರೆ ಎಲ್ಲಿಗೆ ಹೋಗಬೇಕು ಸಾರ್?" ಅಂತ. ನನ್ನ ಉತ್ತರ ಕಿಯಾಂತಿ. ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ದ್ರಾಕ್ಷಿ ತೋಟಗಳ ಸೀಮೆ ಅದು. ಗ್ರೇವೆಯಿಂದ ಹೊರಟು ಪಾನ್ಸಾನೊ, ರಾದ್ದಾ, ಕಾಸ್ತೆಲ್ಲಿನಾ ನೋಡಿಕೊಂಡು ಪಾನ್ಸಾನೊ ಮೇಲೆ ಹಾದು ಮತ್ತೆ ಗ್ರೇವೆಗೆ. ಪೂರ್ತಿ ಡಾಂಬರು ರಸ್ತೆ, ಸುಮಾರು 50 ಕಿ.ಮೀ.

ಐವತ್ತೇ ತಾನೆ ಅನ್ನಬೇಡಿ. ಇಲ್ಲಿ ಲೆಕ್ಕ ಹಾಕಬೇಕಾದದ್ದು ಕಿಲೋಮೀಟರ್ ಅಲ್ಲ, ಏರು. ದೊಡ್ಡ ಏರುಗಳೇ ನಾಲ್ಕಿವೆ. ಎಲ್ಲ ಸೇರಿ ಸಾವಿರ ಮೀಟರ್ ಹತ್ತಿರ ಹತ್ತುತ್ತೀರಿ. ಇದಕ್ಕೆ ಹಳೇ ಜಗಳ ಕಾರಣ. ಫ್ಲಾರೆನ್ಸ್ ಮತ್ತು ಸಿಯೆನಾ ಈ ನೆಲಕ್ಕಾಗಿ ನೂರಾರು ವರ್ಷ ಕಾದಾಡಿದವು. ಜನ ಕಣಿವೆಯಲ್ಲಿ ಇರಲು ಹೆದರಿ ಗುಡ್ಡದ ನೆತ್ತಿಯ ಮೇಲೆ ಗೋಡೆ ಕಟ್ಟಿಕೊಂಡು ಕೂತರು. ಊರು ಮೇಲೆ, ಹೊಳೆ ಕೆಳಗೆ. ಒಂದು ಊರಿನಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಇಳಿದು ಹತ್ತಲೇಬೇಕು.

ಹೋಗುವ ಕಾಲ ಏಪ್ರಿಲ್‌ನಿಂದ ಜೂನ್ ನಡುವೆ, ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್. ಜುಲೈ, ಆಗಸ್ಟ್ ಬೇಡ. ನಮಗೆ ಬಿಸಿಲು ಹೊಸದಲ್ಲ, ನಿಜ, ಆದರೆ ಮಧ್ಯಾಹ್ನದ ಏರಿನಲ್ಲಿ ನೆರಳಿಲ್ಲದೆ ಬೇಯುವುದು ಯಾಕೆ? ಸೆಪ್ಟೆಂಬರ್ ಕೊನೆಗೆ ಹೋದರೆ ದ್ರಾಕ್ಷಿ ಕೊಯ್ಲು ನೋಡಲು ಸಿಗುತ್ತದೆ. ಟ್ರ್ಯಾಕ್ಟರ್‌ಗಳು ತೋಟದಿಂದ ಕೆಸರು ತಂದು ರಸ್ತೆಗೆ ಬಿಟ್ಟಿರುತ್ತವೆ, ತಿರುವುಗಳಲ್ಲಿ ನಿಧಾನ. ಶನಿವಾರ, ಭಾನುವಾರ ತಪ್ಪಿಸಿ. ಗ್ರೇವೆ ಮೂಲಕ ಹೋಗುವ 222ನೇ ನಂಬರ್ ರಸ್ತೆಗೆ ಕಿಯಾಂತಿಜಾನಾ ಅಂತ ಹೆಸರು. ರಜೆ ದಿನ ಅದು ಮೋಟರ್ ಬೈಕ್‌ನವರ ಆಟದ ಮೈದಾನ.

ಸೈಕಲ್ ಗ್ರೇವೆಯಲ್ಲೇ ಬಾಡಿಗೆಗೆ ಸಿಗುತ್ತದೆ. ಮೊದಲೇ ಬುಕ್ ಮಾಡಿ, ಎತ್ತರ ತಿಳಿಸಿ, ಪಾಸ್‌ಪೋರ್ಟ್ ಜೊತೆಗಿರಲಿ. ಅಂಗಡಿಯಲ್ಲಿ ನಿಂತೇ ಎರಡು ವಿಷಯ ನೋಡಿಕೊಳ್ಳಿ. ಮೊದಲನೆಯದು ಗೇರ್. ಹಿಂದಿನ ಹಲ್ಲುಚಕ್ರಗಳಲ್ಲಿ ದೊಡ್ಡದಕ್ಕೆ 32 ಹಲ್ಲಾದರೂ ಇರಲಿ. ಎರಡನೆಯದು ಬ್ರೇಕ್. ನಮ್ಮಲ್ಲಿ ಮುಂದಿನ ಬ್ರೇಕ್ ಸಾಮಾನ್ಯವಾಗಿ ಬಲಗೈಗೆ ಇರುತ್ತದೆ, ಅಲ್ಲಿ ಎಡಗೈಗೆ ಇರುವುದೇ ಜಾಸ್ತಿ. ಅಂಗಡಿ ಎದುರೇ ನಾಲ್ಕು ಸುತ್ತು ಹೊಡೆದು ಕೈಗೆ ರೂಢಿ ಮಾಡಿಕೊಳ್ಳಿ. ಇಳಿಜಾರಿನ ತಿರುವಿನಲ್ಲಿ ಯಾವ ಕೈ ಯಾವುದು ಅಂತ ಯೋಚಿಸಲು ಸಮಯ ಇರುವುದಿಲ್ಲ. ನನ್ನ ವಯಸ್ಸಿನವರು, ಮಂಡಿ ನೋವಿನವರು ಇ-ಬೈಕ್, ಅಂದರೆ ತುಳಿಯಲು ಮೋಟರ್ ನೆರವು ಕೊಡುವ ಸೈಕಲ್, ತಗೊಳ್ಳಿ. ಅದರಲ್ಲಿ ನಾಚಿಕೆ ಏನಿಲ್ಲ.

ನಿಯಮ ಸರಳ. ಬಲಗಡೆ ಹೋಗಬೇಕು. ಊರ ಹೊರಗೆ ಒಬ್ಬರ ಹಿಂದೆ ಒಬ್ಬರು, ಜೋಡಿಯಾಗಿ ಹರಟುತ್ತಾ ಹೋಗುವಂತಿಲ್ಲ. ಕತ್ತಲಾದ ಮೇಲೆ ಊರ ಹೊರಗೆ ದೀಪದ ಜೊತೆಗೆ ಹೊಳೆಯುವ ಜಾಕೆಟ್ ಕೂಡ ಬೇಕು. ದೊಡ್ಡವರಿಗೆ ಹೆಲ್ಮೆಟ್ ಕಡ್ಡಾಯ ಅಲ್ಲ, ಆದರೂ ಹಾಕಿಕೊಳ್ಳಿ. ತುರ್ತಿಗೆ 112.

ಬೆಳಿಗ್ಗೆ ಎಂಟಕ್ಕೆಲ್ಲ ಹೊರಡಿ. ಗ್ರೇವೆ ಮಾತ್ರ ಕಣಿವೆಯ ಸಂತೆ ಊರು. ನಡುವಿನ ಚೌಕ ಹೆಸರಿಗಷ್ಟೇ ಚೌಕ, ಆಕಾರ ತ್ರಿಕೋನ. ಸುತ್ತಲೂ ಕಮಾನಿನ ಜಗಲಿ, ಅದರಡಿ ಅಂಗಡಿಗಳು. ನಡುವೆ ನಿಂತಿರುವ ಪ್ರತಿಮೆ ಜೊವಾನಿ ದ ವೆರಾತ್ಸಾನೊ ಅವರದು. 1524ರಲ್ಲಿ ನ್ಯೂಯಾರ್ಕ್ ಕೊಲ್ಲಿಗೆ ಹಡಗು ತಂದ ನಾವಿಕ. ಅವರ ಮನೆತನದ ಕೋಟೆ ಇಲ್ಲೇ ಹತ್ತಿರದ ಗುಡ್ಡದ ಮೇಲಿದೆ. ಜಗಲಿಯ ಬಾರ್‌ನಲ್ಲಿ ಕಾಫಿ ಕುಡಿದು ಹೊರಡಿ. ಅಲ್ಲಿ ಬಾರ್ ಅಂದರೆ ನಮ್ಮ ದರ್ಶಿನಿ ಥರ ನಿಂತು ಕುಡಿಯುವ ಜಾಗ. ಕೂತರೆ ಬೆಲೆ ಜಾಸ್ತಿ.

ಮೊದಲ ಏರು ಪಾನ್ಸಾನೊಗೆ. ಸುಮಾರು 7 ಕಿ.ಮೀ.ಯಲ್ಲಿ 260 ಮೀಟರ್ ಹತ್ತಬೇಕು. ಎತ್ತರದಲ್ಲಿ ಹೆಚ್ಚು ಕಡಿಮೆ ನಮ್ಮ ಚಾಮುಂಡಿ ಬೆಟ್ಟದಷ್ಟೇ, ಆದರೆ ಅಷ್ಟು ಕಡಿದಲ್ಲ. ಒಂದೇ ಲಯದಲ್ಲಿ ತುಳಿಯುತ್ತಾ ಹೋದರೆ ಉಸಿರು ಕಟ್ಟುವುದಿಲ್ಲ. ಊರಲ್ಲಿ ಬಾಟಲಿ ತುಂಬಿಸಿಕೊಳ್ಳಿ. ನಲ್ಲಿಯ ಮೇಲೆ "ನೊನ್ ಪೊತಾಬಿಲೆ" ಅಂತ ಬರೆದಿದ್ದರೆ ಕುಡಿಯಬೇಡಿ. ಬಾರ್‌ನಲ್ಲಿ ಬಾಟಲಿ ತೋರಿಸಿ "ಆಕ್ವಾ, ಪೆರ್ ಫವೋರೆ" ಅಂದರೆ ಸಾಕು.

ಪಾನ್ಸಾನೊ ದಾಟಿದ ಮೇಲೆ ರಾದ್ದಾ ಬೋರ್ಡ್ ಹಿಡಿದು ಲುಕರೆಲ್ಲಿ ಕಡೆಗೆ ಇಳಿಯಿರಿ. ಪೇಸಾ ಹೊಳೆಯ ಪಕ್ಕದ ಈ ದಾರಿ ನನಗೆ ತುಂಬ ಇಷ್ಟ. ಗಾಡಿ ಕಡಿಮೆ, ಮರಗಳು ಜಾಸ್ತಿ. ಏರುತ್ತಿರುವುದು ಗೊತ್ತೇ ಆಗದಷ್ಟು ನಿಧಾನವಾಗಿ ರಸ್ತೆ ಮೇಲೇಳುತ್ತದೆ, ಕೊನೆಗೆ ರಾದ್ದಾ ಹತ್ತಿರ ತನ್ನ ಬುದ್ಧಿ ತೋರಿಸುತ್ತದೆ. ಕಾಲಲ್ಲಿ ಕಸುವಿದ್ದವರು ರಾದ್ದಾಗೆ ಮೊದಲೇ ಎಡಕ್ಕೆ ತಿರುಗಿ ವೊಲ್ಪಾಯಾ ಹತ್ತಬಹುದು. ಕೋಟೆಯೇ ಊರಾದ ಪುಟ್ಟ ಹಳ್ಳಿ, 600 ಮೀಟರ್‌ಗಿಂತ ಎತ್ತರದಲ್ಲಿದೆ. ಅದನ್ನು ಸೇರಿಸಿಕೊಂಡರೆ ಏರು ಐದಾಯಿತು, ಆಮೇಲೆ ನನ್ನನ್ನು ಬೈಯಬೇಡಿ.

ರಾದ್ದಾ, ಕಾಸ್ತೆಲ್ಲಿನಾ, ಗಾಯೊಲೆ ಈ ಮೂರು ಊರು ಸೇರಿ ಫ್ಲಾರೆನ್ಸ್ ಕೈಕೆಳಗೆ ಕಿಯಾಂತಿ ಒಕ್ಕೂಟ ಆಗಿತ್ತು. ಅದಕ್ಕೆ ರಾದ್ದಾನೇ ರಾಜಧಾನಿ. ಇಲ್ಲಿನ ಅಧಿಕಾರಿಯ ಅರಮನೆಯ ಗೋಡೆ ಮೇಲೆ ಕೆತ್ತಿದ ವಂಶಲಾಂಛನಗಳನ್ನು ನೋಡಿ. ಒಕ್ಕೂಟದ ಗುರುತು ಕಪ್ಪು ಹುಂಜ. ಇವತ್ತು ಕಿಯಾಂತಿ ಕ್ಲಾಸಿಕೊ ವೈನ್ ಬಾಟಲಿಯ ಮೇಲೆ ಇರುವುದೂ ಅದೇ ಹುಂಜ. ಅದರ ಕಥೆ ಹೀಗೆ. ಗಡಿ ಜಗಳ ಮುಗಿಸಲು ಎರಡೂ ನಗರದವರು ಒಪ್ಪಂದ ಮಾಡಿಕೊಂಡರಂತೆ: ಹುಂಜ ಕೂಗಿದ ತಕ್ಷಣ ಎರಡೂ ಕಡೆಯಿಂದ ಒಬ್ಬೊಬ್ಬ ಸವಾರ ಹೊರಡಬೇಕು, ಇಬ್ಬರೂ ಸೇರಿದ ಜಾಗವೇ ಗಡಿ. ಸಿಯೆನಾದವರು ಬಿಳಿ ಹುಂಜಕ್ಕೆ ಹೊಟ್ಟೆ ತುಂಬ ತಿನ್ನಿಸಿದರು. ಫ್ಲಾರೆನ್ಸ್‌ನವರು ಕಪ್ಪು ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ಬೆಳಗಾಗುವ ಎಷ್ಟೋ ಮೊದಲೇ ಕೂಗಿತು. ಫ್ಲಾರೆನ್ಸ್ ಸವಾರ ಸಿಯೆನಾ ಬಾಗಿಲ ಹತ್ತಿರದವರೆಗೂ ಬಂದುಬಿಟ್ಟ. ಇದು ಕಥೆ, ಚರಿತ್ರೆ ಅಲ್ಲ. ಆದರೆ 1716ರಲ್ಲಿ ಟಸ್ಕನಿಯ ಮೂರನೇ ಕೋಸಿಮೊ ದೊರೆ ಕಿಯಾಂತಿ ವೈನಿನ ಸೀಮೆಗೆ ಗೆರೆ ಎಳೆದದ್ದು ಚರಿತ್ರೆಯೇ.

ರಾದ್ದಾದಿಂದ ಕಾಸ್ತೆಲ್ಲಿನಾಗೆ ಹತ್ತು ಹನ್ನೊಂದು ಕಿ.ಮೀ., 429ನೇ ನಂಬರ್ ರಸ್ತೆ. ಏರಿಳಿತ ಮುಗಿಯುವುದೇ ಇಲ್ಲ, ಆದರೆ ಎರಡೂ ಕಡೆ ನೋಟ ತೆರೆದುಕೊಳ್ಳುತ್ತದೆ. ಊರು ಇನ್ನೇನು ಬಂತು ಅನ್ನುವಾಗ ಮೊಂತೆಕಲ್ವಾರಿಯೊ ದಿಬ್ಬ ಸಿಗುತ್ತದೆ. ಸೈಕಲ್ ನಿಲ್ಲಿಸಿ ನೋಡಿ. ಎತ್ರುಸ್ಕನ್ನರ ಗೋರಿಗಳು, ನಾಲ್ಕು ದಿಕ್ಕಿಗೆ ನಾಲ್ಕು. ರೋಮನ್ನರಿಗೂ ಹಿಂದಿನವು.

ಊಟ ಕಾಸ್ತೆಲ್ಲಿನಾದಲ್ಲಿ ಮಾಡಿ, ಒಂದು ಗಂಟೆಗೇ ಕೂರಿ. ಎರಡೂವರೆ ಆದ ಮೇಲೆ ಅಡುಗೆಮನೆ ಮುಚ್ಚುತ್ತಾರೆ. ನಾನು ಸಸ್ಯಾಹಾರಿ. ಪಿಚಿ ಅನ್ನುವ ದಪ್ಪ ಪಾಸ್ತಾವನ್ನು ಬೆಳ್ಳುಳ್ಳಿ ಟೊಮೇಟೊ ಸಾಸ್ ಜೊತೆ ಕೇಳುತ್ತೇನೆ, ಅದಕ್ಕೆ "ಆಲ್ಯೋನೆ" ಅನ್ನಬೇಕು. ಬ್ರೆಡ್ ಮತ್ತು ಸೊಪ್ಪು, ಕಾಳು ಹಾಕಿ ಕುದಿಸಿದ ರಿಬೊಲ್ಲಿತಾ ಕೂಡ ಚೆನ್ನ, ಆದರೆ ಮಾಂಸದ ಸಾರು ಹಾಕಿದ್ದಾರಾ ಅಂತ ಕೇಳಿಕೊಳ್ಳಿ. "ಸೆನ್ಸಾ ಕಾರ್ನೆ, ಸೆನ್ಸಾ ಬ್ರೋದೊ ದಿ ಕಾರ್ನೆ" ಅಂದರೆ ಮಾಂಸ ಬೇಡ, ಮಾಂಸದ ಸಾರೂ ಬೇಡ ಅಂತ. ಬ್ರೆಡ್ಡಿಗೆ ಉಪ್ಪೇ ಇಲ್ಲ ಅಂತ ಗಾಬರಿಯಾಗಬೇಡಿ, ಟಸ್ಕನಿ ಪ್ರಾಂತ್ಯದಲ್ಲೆಲ್ಲ ಅದೇ ಪದ್ಧತಿ. ಬಿಸಿಲಿಗೆ ಬೆವತಿದ್ದರೆ ನಿಮ್ಮ ಉಪ್ಪಿನ ಪುಡಿ ನೀವೇ ತಂದಿರಿ. ವೈನ್ ಮಾತ್ರ ಈಗ ಬೇಡ. ಕುಡಿದು ಗಾಡಿ ಓಡಿಸುವುದರ ವಿರುದ್ಧದ ಕಾನೂನು ಅಲ್ಲಿ ಸೈಕಲ್ಲಿಗೂ ಅನ್ವಯ. ಹೊರಡುವ ಮುಂಚೆ ಕೋಟೆ ಗೋಡೆಗೆ ಅಂಟಿಕೊಂಡ ವಿಯಾ ದೆಲ್ಲೆ ವೊಲ್ತೆ ಅನ್ನುವ ಓಣಿಯಲ್ಲಿ ಸೈಕಲ್ ತಳ್ಳಿಕೊಂಡು ನಡೆಯಿರಿ. ಮೇಲೆ ಕಮಾನಿನ ಸೂರು, ಪಕ್ಕದಲ್ಲಿ ಸಣ್ಣ ಕಿಂಡಿಗಳು. ಕಿಂಡಿಯಿಂದ ಹೊರಗಿನ ಕಣಿವೆ ಕಾಣುತ್ತದೆ.

ಕಾಸ್ತೆಲ್ಲಿನಾದಿಂದ ಪಾನ್ಸಾನೊ ಬೋರ್ಡ್ ಹಿಡಿದು ಮತ್ತೆ 222ಕ್ಕೆ ಬನ್ನಿ. ಉದ್ದದ ಇಳಿಜಾರು, ಊಟದ ಮಂಪರು ಬೇರೆ. ಬ್ರೇಕ್ ಒಂದೇ ಸಮ ಒತ್ತಿ ಹಿಡಿಯಬೇಡಿ, ತಿರುವಿಗೆ ಮುಂಚೆ ಒತ್ತಿ, ತಿರುವಿನಲ್ಲಿ ಬಿಡಿ. ಪೇಸಾ ದಾಟಿದ ಮೇಲೆ ಕೊನೆಯ ಏರು, ಮತ್ತೆ ಪಾನ್ಸಾನೊಗೆ. ದಿನದಲ್ಲಿ ಜಾಸ್ತಿ ಕಷ್ಟ ಕೊಡುವುದು ಇದೇ. ಹೊಟ್ಟೆ ಭಾರ, ಬಿಸಿಲು, ಕಾಲು ಸೋತಿರುತ್ತದೆ. ನಾನು ಜೇಬಿನಲ್ಲಿ ಕಡಲೆ ಚಿಕ್ಕಿ ಇಟ್ಟುಕೊಳ್ಳುವುದು ಈ ಐದಾರು ಕಿ.ಮೀ.ಗೇ. ಅರ್ಧ ದಾರಿಯಲ್ಲಿ ಇಳಿದು ನಿಂತರೂ ಯಾರೂ ನಗುವುದಿಲ್ಲ. ಹಾದುಹೋಗುವ ಮುದುಕರು "ಫೋರ್ತ್ಸಾ!" (ಹಾಕು ಶಕ್ತಿ!) ಅಂತ ಕೂಗಿ ಮುಂದೆ ಹೋಗುತ್ತಾರೆ. ಅವರಿಗೆ ಎಪ್ಪತ್ತಾಗಿರುತ್ತದೆ, ನಮಗಿಂತ ಜೋರಾಗಿ ಹತ್ತುತ್ತಿರುತ್ತಾರೆ.

ಪಾನ್ಸಾನೊದಿಂದ ಗ್ರೇವೆಗೆ ಬರೀ ಇಳಿಜಾರು. ಬಾಡಿಗೆ ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತದೆ ಅಂತ ಬೆಳಿಗ್ಗೆಯೇ ಕೇಳಿಟ್ಟುಕೊಂಡಿರಿ. ಸೈಕಲ್ ವಾಪಸ್ ಕೊಟ್ಟ ಮೇಲೆ ವೈನ್ ರುಚಿ ನೋಡುವವರು ನೋಡಬಹುದು, ನನಗೆ ಜೆಲಾತೊ, ಅಂದರೆ ಅಲ್ಲಿನ ಐಸ್‌ಕ್ರೀಂ, ಸಾಕು. ಗ್ರೇವೆಗೆ ರೈಲಿಲ್ಲ, ಫ್ಲಾರೆನ್ಸ್‌ಗೆ ಬಸ್ಸೇ ಗತಿ. ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡೇ ಎರಡನೇ ಲೋಟಕ್ಕೆ ಹೇಳಿ.